ನಿದ್ದೆಯಲ್ಲಿ ಸವೆದ ಹಲ್ಲು

ಬಹಳ ವರ್ಷ ನನಗೆ ಒಂದೇ ಕನಸು ಬೀಳುತ್ತಿತ್ತು. ಗಲಗಲಿಯ ನಮ್ಮ ತವರಿನ ಹೊಲ. ಚಳಿಗಾಲದ ಬೆಳಗು. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಅವ್ವ ಸಗಣಿ ಕುಳ್ಳಿನ ಕೆಂಡದಲ್ಲಿ ಎಳೆಯ ಜೋಳದ ತೆನೆ ಸುಟ್ಟು, ಬಿಸಿಯಿದ್ದಂತೆಯೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನನ್ನ ಉಡಿಗೆ ಸುರಿಯುತ್ತಾಳೆ. ನಮ್ಮ ಕಡೆ ಅದಕ್ಕೆ ಸೀತನಿ ಅನ್ನುತ್ತೇವೆ. ನಾನು ತಿನ್ನುತ್ತಲೇ ಇರುತ್ತೇನೆ, ಉಡಿಯಲ್ಲಿನ ಕಾಳು ಕಡಿಮೆಯಾಗುವುದಿಲ್ಲ. ಅವ್ವ ತೆನೆ ತಿಕ್ಕುತ್ತಲೇ ಇರುತ್ತಾಳೆ. ಆಕೆ ತೀರಿಹೋಗಿ ಬಹಳ ದಿನವಾಯಿತು ಎಂಬುದು ಕನಸಿನಲ್ಲಿಯೂ ನನಗೆ ಗೊತ್ತಿರುತ್ತದೆ. ಆದರೂ ದುಃಖವಾಗುವುದಿಲ್ಲ. ಹೊಗೆಯ ವಾಸನೆ ಮಾತ್ರ ಹಿತವಾಗಿ ಮೂಗಿಗೆ ಬರುತ್ತಿರುತ್ತದೆ.

ಎದ್ದಾಗ ದವಡೆ ನೋಯುತ್ತಿತ್ತು. ಕೆನ್ನೆ ಎರಡೂ ಭಾರ. ಇಷ್ಟು ಹೊತ್ತು ತಿಂದಿದ್ದೇನಲ್ಲ, ನೋಯದೆ ಏನು ಎಂದು ಅರೆನಿದ್ದೆಯಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮುಖ ತೊಳೆದು ಚಹಾಕ್ಕೆ ಇಡುವ ಹೊತ್ತಿಗೆ ಕನಸೂ ನೋವೂ ಎರಡೂ ಕರಗಿ ಹೋಗಿರುತ್ತಿದ್ದವು.

ನನ್ನನ್ನು ಕೊಟ್ಟದ್ದು ಬನಹಟ್ಟಿಗೆ, ನೇಕಾರರ ಮನೆಗೆ. ಮಗಳು ಮುಧೋಳಕ್ಕೆ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ನಮ್ಮ ಮನೆಯವರು ಮತ್ತು ನಮ್ಮತ್ತಿ. ಹಿಂದಿನ ಪಡಸಾಲೆಯಲ್ಲಿ ಪವರ್‌ಲೂಮ್ ನಡೆಯುತ್ತವೆ, ಸೀರೆ ನೇಯುತ್ತೇವೆ. ನಮ್ಮ ಮನೆಯೊಂದೇ ಅಲ್ಲ, ಓಣಿಯ ತುಂಬ ಹಗಲು ರಾತ್ರಿ ಅದೇ ಸಪ್ಪಳ. ಹೊಸದಾಗಿ ಬಂದಾಗ ಹೊಳೆದಂಡೆಯ ಹುಡುಗಿಗೆ ಆ ಸಪ್ಪಳದಲ್ಲಿ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಆಮೇಲೆ ಅದೇ ಜೋಗುಳವಾಯಿತು. ಮಗ್ಗ ನಡೆದರೇ ನಿದ್ದೆ. ನಮ್ಮ ಮನೆಯವರಂತೂ ಚಿಕ್ಕಂದಿನಿಂದ ಮಗ್ಗದ ಪಕ್ಕದಲ್ಲೇ ಇದ್ದು ಕಿವಿ ಮಂದವಾದವರು. ಅವರಿಗೆ ಏನಾದರೂ ಹೇಳಬೇಕೆಂದರೆ ಎದುರಿಗೆ ನಿಂತು ಹೇಳಬೇಕು.

ಬಲಗಡೆಯ ಕೆಳಗಿನ ದವಡೆ ಹಲ್ಲಿಗೆ ಮೊದಲ ಸಲ ಫಿಲ್ಲಿಂಗ್ ಹಾಕಿಸಿಕೊಂಡದ್ದು ಜಮಖಂಡಿಯಲ್ಲಿ. ಹಲ್ಲಿನ ಡಾಕ್ಟರು ನಮ್ಮ ಮಗಳಿಗಿಂತ ತುಸು ದೊಡ್ಡಾಕೆ ಇರಬಹುದು, ಅದೇ ಊರಿನ ಹೆಣ್ಣುಮಗಳು. ಮಾತು ಮೆಲ್ಲಗೆ, ಕೈ ಇನ್ನೂ ಮೆಲ್ಲಗೆ. ಸೂಜಿ ಚುಚ್ಚಿದ ಮೇಲೆ ತುಟಿ, ಕೆನ್ನೆ, ಅರ್ಧ ನಾಲಿಗೆ ಜೋಮು ಹಿಡಿದು ನನ್ನವಲ್ಲ ಎನ್ನುವಂತಾದವು. ಬಾಯಿಯೊಳಗೆ ಏನೋ ಕೊರೆಯುತ್ತಿದ್ದಾರೆ, ನೀಲಿ ಬೆಳಕು ಹಿಡಿಯುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಆದರೆ ಅದು ಯಾರದೋ ಬಾಯಿ. ನಾನು ಮೇಲಿನ ಫ್ಯಾನು ನೋಡುತ್ತ ತೇಲಿದಂತೆ ಮಲಗಿದ್ದೆ. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ, ಕಬ್ಬಿನ ಗದ್ದೆಗಳು ಒಂದರ ಹಿಂದೊಂದು ಸರಿದು ಹೋಗುತ್ತಿದ್ದವು. ನನ್ನ ಮುಖದ ಅರ್ಧ ಮಲಗಿತ್ತು, ಅರ್ಧ ಎಚ್ಚರಿತ್ತು.

"ಎಷ್ಟು ದಿನ ಬರ್ತೈತಂತ?" ಮನೆಗೆ ಬಂದ ಕೂಡಲೇ ಅತ್ತಿ ಕೇಳಿದರು.

"ಛಲೋ ನೋಡ್ಕೊಂಡ್ರ ವರ್ಷಗಟ್ಟಲೆ ಬರ್ತೈತಿ ಅಂದ್ರು."

ಅದು ವರ್ಷಗಟ್ಟಲೆ ಬರಲಿಲ್ಲ. ಮುಂದಿನ ವರ್ಷ ಮುಧೋಳದಲ್ಲಿ ಮಗಳ ಹೊಸ ಮನೆಯ ವಾಸ್ತುಶಾಂತಿ ಇತ್ತು. ಊಟವಾದ ಮೇಲೆ ಕರದಂಟು ಹಂಚಿದರು. ಒಂದು ತುಣುಕು ಬಾಯಿಗೆ ಹಾಕಿಕೊಂಡೆ, ಅಂಟಿನ ಜೊತೆಗೆ ಫಿಲ್ಲಿಂಗ್ ಕೂಡ ಹೊರಗೆ ಬಂತು. ಕರದಂಟಿನದೇ ತಪ್ಪು ಎಂದು ಎಲ್ಲರೂ ಮಾತಾಡಿಕೊಂಡೆವು. ಡಾಕ್ಟರು ಮತ್ತೆ ತುಂಬಿಕೊಟ್ಟರು. ಅಂಟುವ ತಿನಿಸು, ಗಟ್ಟಿ ಅಡಿಕೆ, ಐಸು ಆ ಕಡೆ ಕಡಿಯಬೇಡಿ ಎಂದು ಹೇಳಿದರು. ನಾನು ಅಡಿಕೆ ಬಿಟ್ಟೆ. ಊಟವನ್ನು ಎಡಗಡೆಗೇ ಅಗಿಯುವ ರೂಢಿ ಮಾಡಿಕೊಂಡೆ. ಇಷ್ಟು ಮಾಡಿದರೂ ಎರಡನೆಯದು ಒಡೆದದ್ದು ಮೊಸರನ್ನ ತಿನ್ನುವಾಗ. ಮೆತ್ತಗಿನ ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಉಗುಳಿ ನೋಡಿದರೆ, ಕಲ್ಲಲ್ಲ.

ನಮ್ಮ ಮನೆಯವರಿಗೆ ಸಿಟ್ಟು ಬಂತು. "ಡಾಕ್ಟರ್ನ ಬದಲು ಮಾಡೂಣು. ಮೊಸರನ್ನಕ್ಕ ಒಡಿಯೂದು ಅಂದ್ರ ಏನು!"

ನನಗೂ ಹಾಗೇ ಅನಿಸಿತ್ತು. ಆದರೂ ಕೊನೆಯ ಸಲ ಎಂದುಕೊಂಡು ಆಕೆಯ ಬಳಿಗೇ ಹೋದೆ, ಮುಖ ಬಿಗಿದುಕೊಂಡೇ ಕುರ್ಚಿಯ ಮೇಲೆ ಮಲಗಿದೆ. ಆಕೆ ಆ ದಿನ ಒಡೆದ ಹಲ್ಲನ್ನು ಬಿಟ್ಟು ಉಳಿದ ಹಲ್ಲುಗಳನ್ನೇ ಬಹಳ ಹೊತ್ತು ನೋಡಿದರು. ಪುಟ್ಟ ಕನ್ನಡಿ ಹಿಡಿದು ನನಗೂ ತೋರಿಸಿದರು. ನನ್ನ ದವಡೆ ಹಲ್ಲುಗಳ ತಲೆಗಳು ಸವೆದು ಸಪಾಟಾಗಿದ್ದವು.

"ನೀವು ನಿದ್ದಿಯೊಳಗ ಹಲ್ಲು ಕಡೀತೀರೇನ್ರಿ?"

"ಇಲ್ರಿ."

"ನಿಮಗ ಗೊತ್ತಾಗೂದಿಲ್ಲರಿ. ಬಾಜೂಕ ಮಲಗಿದವರನ್ನ ಕೇಳ್ರಿ."

ಬಾಜೂಕ ಮಲಗುವವರನ್ನು ಕೇಳಿದೆ. ಎದುರಿಗೆ ನಿಂತು, ಎರಡು ಸಲ ಕೇಳಿದೆ. "ಮಗ್ಗದ ಸಪ್ಪಳದಾಗ ನನಗ ನಿನ್ನ ಹಲ್ಲು ಕೇಳಸ್ತೈತೇನು?" ಎಂದು ನಕ್ಕರು. ಮಾತು ಅಲ್ಲಿಗೇ ನಿಂತಿತು. ಡಾಕ್ಟರು ತಾತ್ಕಾಲಿಕವಾಗಿ ಏನೋ ತುಂಬಿ, ಕೇಳಿಕೊಂಡು ಬನ್ನಿ, ಆಮೇಲೆ ಮುಂದಿನದು ಮಾಡೋಣ ಎಂದಿದ್ದರು. ದಿನಗಳು ಹಾಗೇ ಹೋಗುತ್ತಿದ್ದವು.

ಅದಾದ ಮೇಲೆ ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಕತ್ತಲೆಯಾಗುವುದಕ್ಕಿಂತ ಮೊದಲು ಮೌನವಾಗುತ್ತದೆ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ದೂರದ ಕಾಗೆ ಕೂಗಿದ್ದೂ ಪಕ್ಕದಲ್ಲೇ ಕೂಗಿದಂತೆ ಕೇಳುತ್ತದೆ. ಗಾಳಿಯಲ್ಲಿ ಹಾರುತ್ತಿದ್ದ ನೂಲಿನ ನವಿರು ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಮೆಲ್ಲಗೆ ಇಳಿಯುತ್ತದೆ. ನಾನು ಊಟ ಮಾಡಿ ಪಡಸಾಲೆಯ ಚಾಪೆಯ ಮೇಲೆ ಅಡ್ಡಾಗಿದ್ದೆ, ಮಗ್ಗ ನಿಲ್ಲುವ ಮೊದಲೇ ನಿದ್ದೆ ಹತ್ತಿತ್ತು. ಮುಂದಿನದನ್ನು ಅತ್ತಿ ಹೇಳಿದ್ದು ಹೀಗೆ.

ಅವರು ರಾಟಿಯ ಮುಂದೆ ಕೂತು, ಮಗ್ಗದ ಲಾಳಿಗೆ ಹಾಕುವ ಕಂಡಿಕಿಗೆ ನೂಲು ಸುತ್ತುತ್ತಿದ್ದರು. ಮಗ್ಗ ನಿಂತ ಮೇಲೆ ಎಲ್ಲೋ ಕರ್ರ ಕರ್ರ ಸಪ್ಪಳ ಕೇಳಿತು. ನೂಲಿನ ಗಂಟಿನಲ್ಲಿ ಇಲಿ ಹೊಕ್ಕಿದೆ ಎಂದುಕೊಂಡರು. ನೇಕಾರರ ಮನೆಯಲ್ಲಿ ಇಲಿ ಎಂದರೆ ದೊಡ್ಡ ಮಾತು. ಕಸಬರಿಗೆ ಹಿಡಿದು, ಕಾಲು ಸಪ್ಪಳ ಮಾಡದೆ, ಒಂದೊಂದೇ ಗಂಟು ಸರಿಸಿ ನೋಡಿದರು. ಅಲ್ಲಿಲ್ಲ. ಕಪಾಟಿನ ಹಿಂದೆ ನೋಡಿದರು. ಅಲ್ಲಿಯೂ ಇಲ್ಲ. ಸಪ್ಪಳ ಒಮ್ಮೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅದರ ಜಾಡು ಹಿಡಿದು ಬಂದವರು ನನ್ನ ಚಾಪೆಯ ಬಳಿ ನಿಂತರು. ಬಗ್ಗಿ ಕಿವಿಗೊಟ್ಟರು. ಸಪ್ಪಳ ನನ್ನ ಬಾಯಿಯಿಂದ ಬರುತ್ತಿತ್ತು.

ನಾನು ಕಣ್ಣು ಬಿಟ್ಟಾಗ ಅವರು ಕಸಬರಿಗೆ ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದರು. ಎಬ್ಬಿಸಿರಲಿಲ್ಲ.

"ಏನ ತಿನ್ನಾಕತ್ತಿದ್ದೆವ್ವಾ?" ಎಂದರು.

ಯಾಕೋ ಗೊತ್ತಿಲ್ಲ, ಇಷ್ಟು ವರ್ಷ ಯಾರಿಗೂ ಹೇಳದ ಮಾತು ಅರೆಎಚ್ಚರದ ಬಾಯಿಂದ ತಾನಾಗಿ ಹೊರಬಿತ್ತು. "ಸೀತನಿ," ಎಂದೆ. "ನಮ್ಮವ್ವ ಸುಟ್ಟ ಕೊಟ್ಟಿದ್ದು."

ಅವರು ನಗಲಿಲ್ಲ. ನನ್ನ ಹಣೆಯ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿದರು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಮಗ್ಗಗಳೆಲ್ಲ ಎದ್ದವು. ಆ ಗದ್ದಲದಲ್ಲಿ ನಾನು ಅತ್ತೆನೋ ಇಲ್ಲವೋ ನನಗೇ ಈಗ ನೆನಪಿಲ್ಲ.

ಮರುವಾರ ಅತ್ತಿ ತಾವೇ ನನ್ನ ಜೊತೆ ಜಮಖಂಡಿಗೆ ಬಂದರು. ಡಾಕ್ಟರ ಮುಂದೆ ಕೂತು, ಇಲಿ ಹುಡುಕಿದ ಕತೆಯನ್ನು ಪೂರ್ತಿ ಹೇಳಿದರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ಹೇಳಿದರು: ಎಚ್ಚರಿದ್ದಾಗ ನಾವು ಅಗಿಯುವ ಬಲ ಬೇರೆ, ನಿದ್ದೆಯಲ್ಲಿ ಕಡಿಯುವ ಬಲವೇ ಬೇರೆ. ಆ ಬಲಕ್ಕೆ ಫಿಲ್ಲಿಂಗ್ ತಡೆಯುವುದಿಲ್ಲ. ಕರದಂಟಿನಿಂದಲೂ ಅಲ್ಲ, ಮೊಸರನ್ನದಿಂದಲೂ ಅಲ್ಲ, ಅದು ದಿನಾ ನಿದ್ದೆಯಲ್ಲಿ ಬಿರುಕು ಬಿಡುತ್ತ ಬಂದಿತ್ತು. ಹಲ್ಲಿಗೂ ಸೀಳು ಇಳಿದಿದೆ. ಇನ್ನು ಬರೀ ತುಂಬಿದರೆ ಆಗದು. ಬೇರಿನ ಕಾಲುವೆ ತೊಳೆದು ಮುಚ್ಚಿ, ಮೇಲೆ ಗಟ್ಟಿ ಕ್ಯಾಪು ಕೂರಿಸಬೇಕು. ಅದನ್ನು ಕಾಯಲು ಮಲಗುವಾಗ ಹಲ್ಲಿಗೆ ಒಂದು ಕವಚ ಹಾಕಿಕೊಳ್ಳಬೇಕು.

"ಕ್ಯಾಪು ಹಾಕಿದ್ರ ಮುಗೀತಲ್ರಿ?" ಅತ್ತಿ ಕೇಳಿದರು. "ಆಯುಷ್ಯ ಪೂರ್ತಿ?"

"ಆಯುಷ್ಯ ಪೂರ್ತಿ ಅಂತ ನಾ ಹೇಳೂದಿಲ್ಲರಿ ಅಮ್ಮಾ. ಹತ್ತು ಹದಿನೈದು ವರ್ಷ ಬಾಳಿದ್ದೂ ನೋಡೇನಿ, ಅದಕ್ಕಿಂತ ಹೆಚ್ಚು ಬಾಳಿದ್ದೂ ನೋಡೇನಿ. ಎರಡ ವರ್ಷದಾಗ ಹೋಗಿದ್ದೂ ಐತಿ. ಕ್ಯಾಪಿಗೆ ಹುಳುಕು ಹತ್ತೂದಿಲ್ಲ. ಅದರ ಕೆಳಗಿನ ಹಲ್ಲು ನಿಮ್ಮದ ಐತಲ್ಲ, ಅದಕ್ಕ ಹತ್ತತೈತಿ. ಕ್ಯಾಪು ಮತ್ತ ಒಸಡು ಕೂಡೂ ಜಾಗ ಐತಿ ನೋಡ್ರಿ, ಅಲ್ಲೇ ಹೊಲಸು ಕೂಡತೈತಿ."

"ಅಂದ್ರ ಸೀರಿ ಇದ್ದಂಗ. ಮೈ ಗಟ್ಟಿ ಇದ್ರೂ ಅಂಚು ಮೊದಲ ಹರಿತೈತಿ," ಎಂದರು ಅತ್ತಿ.

"ಹೌದ್ರಿ, ಹಂಗ. ಅಂಚು ನೋಡ್ಕೋಬೇಕು."

ಅಂಚು ನೋಡಿಕೊಳ್ಳುವುದನ್ನು ಆಕೆ ಕಲಿಸಿದರು. ಮೆತ್ತನೆಯ ಬ್ರಷ್‌ನಿಂದ ಬೆಳಿಗ್ಗೆ ಒಮ್ಮೆ, ಮಲಗುವ ಮೊದಲು ಒಮ್ಮೆ, ಒತ್ತದೆ ಉಜ್ಜುವುದು. ಮಸಿಪುಡಿ, ಹೊಗೆಸೊಪ್ಪಿನ ಮಿಶ್ರಿ ಬಿಟ್ಟು ಫ್ಲೋರೈಡ್ ಇರುವ ಪೇಸ್ಟು ಬಳಸುವುದು. ಹಲ್ಲಿನ ಸಂದಿಗೆ ಫ್ಲಾಸ್ ಎಂಬ ನೂಲು ಆಡಿಸುವುದು. ನೋವು ಇರಲಿ ಬಿಡಲಿ, ಆರು ತಿಂಗಳಿಗೊಮ್ಮೆ ಬಂದು ತೋರಿಸುವುದು. ಮೆಡಿಕಲ್ ಅಂಗಡಿಯಲ್ಲಿ ಫ್ಲಾಸಿನ ಪುಟ್ಟ ಡಬ್ಬಿ ತೆಗೆದುಕೊಂಡಾಗ ಅತ್ತಿ ಅದನ್ನು ಬಿಚ್ಚಿ, ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿದರು.

"ನೂಲಿನ ಊರಾಗ ಇದ್ದು ನೂಲು ಕೊಂಡ ಒಯ್ಯಾಕತ್ತೀವಲ್ಲ! ನಮ್ಮನ್ಯಾಗ ರೇಷ್ಮಿ ಎಳಿ ಬಿದ್ದಾವು."

"ಬಣ್ಣ ಹತ್ತಿದ್ದು ಬಾಯಾಗ ಹಾಕ್ಕೋಬಾರದಂತರಿ ಅತ್ತಿ, ಮತ್ತ ಅದು ಒಸಡು ಕೊಯ್ತೈತಿ," ಎಂದೆ. ಅವರು ಒಪ್ಪಲಿಲ್ಲ, ಆದರೆ ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟರು.

ಕ್ಯಾಪು ಕೂತಿತು. ಆಮೇಲೆ ಕವಚ ಬಂತು. ಗಾಜಿನಂತೆ ತಿಳಿ, ನನ್ನ ಮೇಲಿನ ಹಲ್ಲುಗಳ ಅಚ್ಚು. ಅಂಗೈಯಲ್ಲಿ ಇಟ್ಟುಕೊಂಡರೆ ನೀರು ಹೆಪ್ಪುಗಟ್ಟಿ ನಗುತ್ತಿರುವಂತೆ ಕಾಣುತ್ತಿತ್ತು. ಮೊದಮೊದಲು ಅದನ್ನು ಹಾಕಿಕೊಂಡು ಮಲಗುವುದು ಕಷ್ಟವಾಯಿತು, ಬಾಯಿ ತುಂಬ ಜೊಲ್ಲು. ನಮ್ಮ ಮನೆಯವರು ನನ್ನ ತೊದಲು ಕೇಳಿ ನಕ್ಕರು. ಕೆಲವು ದಿನದಲ್ಲಿ ರೂಢಿಯಾಯಿತು. ಬೆಳಿಗ್ಗೆ ದವಡೆ ನೋಯುವುದು ಕಡಿಮೆಯಾಯಿತು. ಕನಸು ಮಾತ್ರ ಬರುತ್ತಲೇ ಇತ್ತು, ಆದರೆ ಈಗ ಸೀತನಿ ಹತ್ತಿಯಷ್ಟು ಮೆತ್ತಗಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ಕವಚವನ್ನು ತೆಗೆದು ತಟ್ಟೆಯಲ್ಲಿಟ್ಟು ಹಿತ್ತಲಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅತ್ತಿ ಅದನ್ನು ಕುದಿಯುವ ನೀರಿಗೆ ಹಾಕಿದ್ದರು. ಬಾಯಿಗೆ ಹಾಕಿಕೊಳ್ಳುವ ವಸ್ತು, ಸ್ವಚ್ಛ ಇರಲಿ ಎಂದು. ಹೊರಗೆ ತೆಗೆದರೆ ಅದು ಸುರುಟಿ, ಯಾರ ಬಾಯಿಗೂ ಹೊಂದದ ಆಕಾರವಾಗಿತ್ತು. ಡಾಕ್ಟರು ಹೇಳಿದ್ದರು: ತಣ್ಣೀರಲ್ಲೇ ತೊಳೆಯಿರಿ, ಬಿಸಿ ತಾಗಿಸಬೇಡಿ, ಬಿಸಿಲಿಗೂ ಇಡಬೇಡಿ, ಡಬ್ಬಿಯಲ್ಲಿ ಇಡಿ. ನಾನು ಮನೆಯಲ್ಲಿ ಹೇಳಿರಲಿಲ್ಲ.

ಅತ್ತಿ ಆ ಸುರುಟಿದ ಕವಚವನ್ನು ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತುಬಿಟ್ಟರು. "ನನ್ನ ಕೈಯಾರ ಕೆಡಿಸಿದೆ," ಎಂದು ಒಂದೇ ಮಾತು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾನು ರೊಟ್ಟಿ, ಹೆಸರುಕಾಳು ಪಲ್ಯ ತಟ್ಟೆಗೆ ಹಾಕಿ ಅವರ ಪಕ್ಕದಲ್ಲೇ ಕೂತೆ.

"ಅಳತಿ ಅವರ ಹತ್ರ ಐತ್ರಿ. ಇನ್ನೊಂದು ಮಾಡಿ ಕೊಡ್ತಾರ."

"ಅಲ್ಲೀತನಕ ಹಲ್ಲು?"

"ಅಲ್ಲೀತನಕ ನೀವ ಕಾಯ್ರಿ."

ಅವರು ಅದನ್ನು ಖರೆ ಮಾಡಿದರು. ಹೊಸ ಕವಚ ಬರುವವರೆಗೆ ನಾನು ಮಧ್ಯಾಹ್ನ ಅಡ್ಡಾದಾಗಲೆಲ್ಲ ರಾಟಿಯನ್ನು ನನ್ನ ತಲೆಯ ಬಳಿ ಎಳೆದುಕೊಂಡು ಕೂತರು. ಮಗ್ಗದ ಸಪ್ಪಳದಲ್ಲಿ ಕೇಳುವುದಿಲ್ಲವೆಂದು ನನ್ನ ಕೆನ್ನೆಯ ಮೇಲೆ ಎರಡು ಬೆರಳು ಇಟ್ಟಿರುತ್ತಿದ್ದರು. ದವಡೆ ಬಿಗಿದರೆ ಮೆಲ್ಲಗೆ ಸವರುತ್ತಿದ್ದರು. ನಿದ್ದೆಯೊಳಗಿಂದಲೇ ಆ ಬೆರಳು ನನಗೆ ಗೊತ್ತಾಗುತ್ತಿತ್ತು. ಕನಸಿನ ಹೊಲದಲ್ಲಿ ಅವ್ವನ ಪಕ್ಕಕ್ಕೆ ಇನ್ನೊಬ್ಬರು ಬಂದು ಕೂತಂತೆ, ಮುಖ ಕಾಣದು, ಬಳೆಯ ಸಪ್ಪಳ ಮಾತ್ರ ಕೇಳಿದಂತೆ.

ಚಳಿ ಶುರುವಾದಾಗ ಅತ್ತಿಯೇ ಒಂದು ದಿನ, "ನಡಿ, ಗಲಗಲಿಗೆ ಹೋಗಿ ಬರೂಣು," ಎಂದರು. "ಹೊಟ್ಟಿ ತುಂಬ ಖರೇ ಸೀತನಿ ತಿಂದ್ರ ಕನಸಿನಾಗ ತಿನ್ನೂದು ಬಿಡ್ತೀಯೋ ಏನೋ."

ಹೋದೆವು. ನನ್ನ ತಮ್ಮ ಹೊಲದಲ್ಲೇ ಕೆಂಡ ಮಾಡಿದ್ದ. ನಾವು ಚಿಕ್ಕವರಿದ್ದಾಗ ಸೀತನಿ ಸುಡುತ್ತಿದ್ದ ಕೆಳಗಿನ ಪಟ್ಟಿ ಈಗ ಆಣೆಕಟ್ಟಿನ ಹಿನ್ನೀರಿನಲ್ಲಿದೆ. ನಾವು ಕೂತದ್ದು ಮೇಲಿನ ದಿನ್ನೆಯ ಮೇಲೆ. ನೀರು ಅಲುಗಾಡದೆ ಬೆಳ್ಳಗೆ ಹರಡಿತ್ತು, ದೂರದಲ್ಲಿ ಯಾರೋ ಬಲೆ ಹಾಕುತ್ತಿದ್ದರು. ಅತ್ತಿ ತೆನೆ ತಿಕ್ಕಿ, ಹೊಟ್ಟು ಊದಿ, ನನ್ನ ಉಡಿಗೆ ಹಾಕಿದರು. ಎಳೆ ಕಾಳು, ಹಾಲು ತುಂಬಿದ್ದು, ಶೇಂಗಾ ಚಟ್ನಿ, ಬೆಲ್ಲ. ಕ್ಯಾಪು ಹಾಕಿದ ಕಡೆಗೂ ಧೈರ್ಯವಾಗಿ ಅಗಿದೆ. ಎಷ್ಟೋ ದಿನದ ಮೇಲೆ ಬಾಯಿಯ ಎರಡೂ ಕಡೆ ರುಚಿ ಹತ್ತಿತು. ತಿಂದು, ಬಿಸಿಲು ಕಾಯುತ್ತ ಅಲ್ಲೇ ಕಂಬಳಿಯ ಮೇಲೆ ಮಲಗಿದೆ. ಎದ್ದಾಗ ಅತ್ತಿ, "ಇಲ್ಲ, ಇವತ್ತ ಕಡೀಲಿಲ್ಲ," ಎಂದು ಗೆದ್ದವರಂತೆ ಹೇಳಿದರು.

ಮನೆಗೆ ಬಂದ ಮೇಲೆ ಮತ್ತೆ ಕಡಿದೆ, ಕವಚದ ಮೇಲಿನ ಹೊಸ ಗೀರು ಅದನ್ನು ಹೇಳಿತು. ಡಾಕ್ಟರಿಗೆ ಈ ಪ್ರಯೋಗ ತಿಳಿಸಿದಾಗ ಆಕೆ ಕವಚವನ್ನು ಬೆಳಕಿಗೆ ಹಿಡಿದು, "ಈ ಗೀರು ಹಲ್ಲಿನ ಮ್ಯಾಲೆ ಬೀಳೂದಕಿಂತ ಇದರ ಮ್ಯಾಲೆ ಬೀಳಲಿ ಬಿಡ್ರಿ," ಎಂದರು. ಈ ಹಲ್ಲು ಕಡಿಯುವುದು ಎಲ್ಲರಿಗೂ ಪೂರ್ತಿ ಬಿಟ್ಟುಹೋಗುವುದಿಲ್ಲವಂತೆ. ನಾನೂ ಆ ಆಸೆ ಬಿಟ್ಟೆ. ನಿಜ ಹೇಳಬೇಕೆಂದರೆ, ಕನಸು ಹೋದರೆ ಏನು ಮಾಡಲಿ ಎಂಬ ಭಯ ನನಗೆ ಆಗಲೇ ಹುಟ್ಟಿತ್ತು.

ಆ ದಿನವೇ ಡಾಕ್ಟರು ಅತ್ತಿಯನ್ನೂ ಕುರ್ಚಿಯ ಮೇಲೆ ಕೂರಿಸಿದರು. ಅತ್ತಿಯ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು, ಆಯುಷ್ಯವೆಲ್ಲ ನೂಲು ಕಡಿದು ಕಡಿದು ಆದದ್ದು. ತಣ್ಣೀರು ತಾಗಿದರೆ ಅಲ್ಲಿ ಜುಮ್ ಎನ್ನುತ್ತಿತ್ತು. ಮೊದಲೆಲ್ಲ "ಇರ್ಲಿ ಬಿಡ್ರಿ, ನೂಲು ಸಲೀಸ ಕೂಡತೈತಿ" ಎನ್ನುತ್ತಿದ್ದವರು ಆ ದಿನ ಒಪ್ಪಿದರು. ಹಲ್ಲಿನ ಬಣ್ಣದ್ದೇ ತುಂಬಿದರು. ಹೊಸ ಹಲ್ಲು ನೋಡಿಕೊಳ್ಳಲು ಅತ್ತಿ ಬಸ್ಸಿನ ಕಿಟಕಿಯ ಗಾಜಿಗೆ ಹತ್ತಾರು ಸಲ ಮುಖ ಹಿಡಿದರು.

ನೂಲು ಕಡಿಯಬಾರದು ಎಂದು ಡಾಕ್ಟರು ಹೇಳಿದ್ದನ್ನು ಪಾಲಿಸಲು ಸಣ್ಣ ಕತ್ತರಿಯೊಂದನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡರು. ಕತ್ತರಿ ಕೊರಳಲ್ಲೇ ಇರುತ್ತಿತ್ತು, ನೂಲು ಬಾಯಿಗೇ ಹೋಗುತ್ತಿತ್ತು. ನಮ್ಮ ಮನೆಯವರು ಮಗ್ಗದ ಕಡೆಯಿಂದ "ಅವ್ವಾ!" ಎಂದು ಕೂಗುವುದು, ಅವರು ಬಾಯಿಂದ ಎಳೆ ತೆಗೆಯುವುದು. ಒಮ್ಮೆ ಯಾರೂ ಕೂಗಲಿಲ್ಲ, ಫಿಲ್ಲಿಂಗಿನ ಮೂಲೆಯ ಚೂರು ಹಾರಿತು. ಮತ್ತೆ ಹೋಗಿ ಸರಿ ಮಾಡಿಸಿಕೊಂಡು ಬಂದೆವು. ಆ ಮೇಲಿಂದ ಅವರ ಕೈ ಕತ್ತರಿಯ ದಾರಿ ಕಲಿಯಿತು.

ಇದೆಲ್ಲ ಆಗಿ ಈಗ ಕೆಲವು ವರ್ಷಗಳಾದವು. ನನ್ನ ಕ್ಯಾಪು ಹಾಗೇ ಇದೆ, ಕವಚ ಮಾತ್ರ ಸವೆದು ಬೇರೆ ಬಂದಿದೆ. ಹೋದ ತಿಂಗಳು ಇಬ್ಬರೂ ತೋರಿಸಲು ಹೋಗಿದ್ದೆವು. ಡಾಕ್ಟರು ನನ್ನ ಕ್ಯಾಪಿನ ಅಂಚಿನ ಸುತ್ತ ಸಣ್ಣ ಕಡ್ಡಿ ಆಡಿಸಿ, ಸ್ವಚ್ಛ ಇದೆ, ಆದರೆ ಎಂದಾದರೊಂದು ದಿನ ಇದನ್ನೂ ಬದಲಿಸಬೇಕಾದೀತು ಎಂದರು. ನನಗೆ ಬೇಸರವಾಗಲಿಲ್ಲ. ಅತ್ತಿಯ ಫಿಲ್ಲಿಂಗಿನ ಅಂಚಿಗೆ ಚಹಾದ ಬಣ್ಣ ಕೂತಿತ್ತು, ಅದನ್ನು ತಿಕ್ಕಿ ಹೊಳಪು ಕೊಟ್ಟರು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲಿನ ಗಾಡಿ ನೋಡಿ ಅತ್ತಿ ನಿಂತರು.

"ಇದನ್ನ ಕುಡಿಬ್ಯಾಡ ಅಂತ ಹೇಳ್ಯಾರೇನು?"

"ಇಲ್ರಿ. ಕುಡದ ಮ್ಯಾಲೆ ಬಾಯಿ ಮುಕ್ಕಳಿಸ್ರಿ ಅಂತ ಹೇಳ್ಯಾರ."

ಐಸು ಬೇಡವೆಂದು ಎರಡು ಗ್ಲಾಸು ಹೇಳಿದೆವು, ಗಾಡಿಯವನು ಶುಂಠಿ ಲಿಂಬೆ ಹಾಕಿ ಹಿಂಡಿಕೊಟ್ಟ. ನಿಧಾನವಾಗಿ ಕುಡಿದು, ಸ್ಟ್ಯಾಂಡಿನ ನಳದ ಬಳಿ ಹೋಗಿ ಇಬ್ಬರೂ ಬಾಯಿ ಮುಕ್ಕಳಿಸಿದೆವು. ಅತ್ತಿ ಸೆರಗಿನಿಂದ ತುಟಿ ಒರೆಸಿಕೊಳ್ಳುವಷ್ಟರಲ್ಲಿ ಬನಹಟ್ಟಿಯ ಬಸ್ಸು ಬಂತು, ಕಿಟಕಿಯ ಬದಿಯ ಜಾಗವೂ ಸಿಕ್ಕಿತು.